ಪಟಾಕಿ ಹೊಡೆಯದ ಊರು

ನಾನು ಮದುವೆಯಾಗಿ ಬಂದ ಊರಿನಲ್ಲಿ ದೀಪಾವಳಿಗೂ ಪಟಾಕಿ ಹೊಡೆಯುತ್ತಿರಲಿಲ್ಲ. ಅರಸೀಕೆರೆ ಬಯಲಿನವಳು ನಾನು. ಮೊದಲ ಹಬ್ಬಕ್ಕೆ ತವರಿನಿಂದ ಒಂದು ಚೀಲ ಪಟಾಕಿ ತಂದಿದ್ದೆ. ನಮ್ಮತ್ತೆ ಅದನ್ನು ಕಂಡದ್ದೇ ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಬೀಗ ಜಡಿದರು. ಯಾಕೆ ಅಂತ ಕೇಳಿದರೆ, "ಊರೋರನ್ನೆಲ್ಲ ಅಟ್ಟ ಹತ್ತುಸ್ಬೇಕು ಅಂತಿದೀಯಾ?" ಅಂದರು. ಏನಾದರೂ ತಲೆಗೆ ಹೊಕ್ಕರೆ ಉತ್ತರ ಸಿಗುವ ತನಕ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಆದರೆ ಅತ್ತೆಯನ್ನು ಎರಡನೇ ಸಲ ಕೇಳುವ ಧೈರ್ಯ ಆಗಿನ್ನೂ ಬಂದಿರಲಿಲ್ಲ.

ಬಿಡಿಸಿ ಹೇಳಿದವಳು ನಾದಿನಿ. ಮಾರನಹಳ್ಳಿಯಲ್ಲಿ ಬಸ್ಸಿಳಿದು, ಜೀಪು ಹೋಗುವಷ್ಟು ದೂರ ಹೋಗಿ, ಹೊಳೆ ದಾಟಿದರೆ ನಮ್ಮೂರು. ಊರು ಅಂದರೆ ಹತ್ತು ಹನ್ನೆರಡು ಮನೆ, ಒಂದರಿಂದ ಇನ್ನೊಂದಕ್ಕೆ ಕೂಗಿದರೂ ಕೇಳದಷ್ಟು ದೂರ. ಗದ್ದೆ, ಒಂದಿಷ್ಟು ಕಾಫಿ, ಅದರಾಚೆ ಕಾಡು. ಆನೆ ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಆ ಮನೆಯವರು ಗರ್ನಾಲು, ಅಂದರೆ ಎದೆ ನಡುಗಿಸುವ ದಪ್ಪ ಪಟಾಕಿ, ಹೊಡೆಯಬೇಕು. ಕೇಳಿದವರು ದೀಪ ಆರಿಸಿ, ಬಾಗಿಲು ಭದ್ರ ಮಾಡಿ, ಅಟ್ಟ ಹತ್ತಬೇಕು. ಏನಾಯಿತು ಅಂತ ಯಾರೂ ಹೊರಗೆ ಇಣುಕಬಾರದು.

"ಹಂಗಾದ್ರೆ ಮದುವೇಲೂ ಹೊಡೆಯಲ್ವಾ?" ಅಂದೆ.

"ಇಲ್ಲ ಕಣತ್ಗೆ. ಸುಮ್‌ಸುಮ್ನೆ ಒಂದ್ಸಲ ಹೊಡೆದ್ರೆ, ನಾಳೆ ನಿಜವಾಗ್ಲೂ ಬಂದಾಗ ಯಾರ್ ನಂಬ್ತಾರೆ?"

ಅವಳದೇ ಮದುವೆ ಕೂಡಿ ಬರುತ್ತಿರಲಿಲ್ಲ. ಹುಡುಗಿಯಲ್ಲಿ ಏನೂ ಕೊರತೆಯಿಲ್ಲ, ಕೊರತೆಯೆಲ್ಲ ಊರಿನದು. ಗಂಡಿನ ಕಡೆಯವರು ಹೊಳೆಯವರೆಗೆ ಬರುವರು, ನೀರು ನೋಡುವರು, ಆಚೆಯ ಕಾಡು ನೋಡುವರು. ಇಂಥಲ್ಲಿಗೆ ಬೀಗತನ ಬೆಳೆಸಿದರೆ ಹೋಗಿ ಬರುವುದು ಹೇಗೆ ಅಂತ ಅಲ್ಲಿಂದಲೇ ಹಿಂದಿರುಗುವರು. ಒಂದು ಸಲವಂತೂ ಇವಳು ಸೀರೆಯುಟ್ಟು ಹೂ ಮುಡಿದು ಸಂಜೆಯ ತನಕ ಕಾದಳು. ಬಂದವರು ಹೊಳೆ ಕೂಡ ದಾಟಲಿಲ್ಲ. ಮೂವತ್ತು ತುಂಬಿದ ಮೇಲೆ ನಮ್ಮ ಮನೆಯಲ್ಲಿ ಮದುವೆಯ ಮಾತೆತ್ತುವುದನ್ನೇ ಬಿಟ್ಟಿದ್ದರು.

ಕೊನೆಗೆ ಚನ್ನರಾಯಪಟ್ಟಣದ ಕಡೆಯ ಗಂಡೊಂದು ಒಪ್ಪಿತು. ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಮನೆಯಂಗಳದಲ್ಲೇ ಚಪ್ಪರ ಹಾಕಿದೆವು. ಮದುವೆಯ ಹಿಂದಿನ ದಿನ ಮಧ್ಯಾಹ್ನ ದಿಬ್ಬಣ ಬರಬೇಕಿತ್ತು. ಓಲಗದವರ ಜೊತೆ ಮಾವ ಹೊಳೆಯ ದಡದಲ್ಲಿ ಎದುರುಗೊಳ್ಳಲು ಕಾದರು. ಹೊತ್ತು ಇಳಿಯಿತು, ಯಾರೂ ಬರಲಿಲ್ಲ. ಫೋನು ಗೀನು ಇಲ್ಲದ ಊರು, ಕೇಳುವುದು ಯಾರನ್ನು? ಗಾಡಿ ಕೆಟ್ಟಿರಬೇಕು, ಸಕಲೇಶಪುರದಲ್ಲೇ ಉಳಿದುಕೊಂಡು ಬೆಳಿಗ್ಗೆ ಬರುತ್ತಾರೆ ಅಂತ ಮಾವ ವಾಪಸ್ ಬಂದರು. ನಾದಿನಿಯ ಅರಿಶಿನ ಹಚ್ಚಿದ ಮುಖ ಬಾಡಿಹೋಗಿತ್ತು.

ಕತ್ತಲಾಗುವ ಹೊತ್ತಿಗೆ ಹೊಳೆಯ ಕಡೆಯಿಂದ ಢಂ ಅಂತು.

"ಬಾಳೆಕಂದು ಕಟ್ಟಿದ್ವಲ್ಲ, ವಾಸ್ನೆ ಹಿಡ್ಕೊಂಡು ಬಂದ್ಬುಟ್ಟವೆ" ಅಂದರು ಮಾವ. ಅಡಿಗೆಯವರು ಒಲೆಗೆ ನೀರು ಸುರಿದರು. ಚಪ್ಪರದ ದೀಪ ಆರಿತು. ಎಲ್ಲರಿಗಿಂತ ಮೊದಲು ಏಣಿ ಹತ್ತಿದವಳು ಬಯಲುಸೀಮೆಯ ನಾನೇ. ನೆಂಟರು, ಮಕ್ಕಳು, ಬೆಲ್ಲದ ಡಬ್ಬ, ಹಳೆ ಕಂಬಳಿ, ಎಲ್ಲ ಒಂದೇ ಅಟ್ಟದಲ್ಲಿ. ಮತ್ತೊಂದು ಢಂ, ಇನ್ನೊಂದು.

ನಾದಿನಿ ನನ್ನ ಕಿವಿಯ ಹತ್ತಿರ ಕೇಳಿದಳು: "ಅತ್ಗೆ, ನಿಮ್ ಬಯಲಲ್ಲಿ ಆನೆ ಇಲ್ವಲ್ಲ. ಅಲ್ಲಿ ಗರ್ನಾಲು ಯಾವಾಗ ಹೊಡೀತಾರೆ?"

"ದಿಬ್ಬಣ ಬಂದಾಗ" ಅಂದೆ.

ಅವಳಾಗಲೇ ಏಣಿ ಇಳಿಯುತ್ತಿದ್ದಳು. "ಏನೋ ಎಂತದೋ, ಹೋಗ್ಬ್ಯಾಡ ಕಣವ್ವ" ಅಂತ ಮಾವ ಕೈ ಹಿಡಿದರು. ಬಿಡಿಸಿಕೊಂಡು, ಗೂಟದಲ್ಲಿದ್ದ ಬ್ಯಾಟರಿ ತಗೊಂಡು ಹೊರಟೇಬಿಟ್ಟಳು. ಮದುಮಗಳು ಹೊಸ್ತಿಲು ದಾಟಬಾರದು ಅಂತ ಒಳಗಿಂದ ಯಾರೋ ಕೂಗಿದರು. ಹಿಂದೆಯೇ ನಾನೂ ನನ್ನ ಗಂಡನೂ ಓಡಿದೆವು.

ಆಚೆ ದಡದಲ್ಲಿ ಜೀಪುಗಳ ಬೆಳಕು. ಒಂದು ಆಗಲೇ ಮೂತಿ ತಿರುಗಿಸಿ ನಿಂತಿತ್ತು. ಗಂಡಿನ ದೊಡ್ಡಪ್ಪ ಹೊಳೆಗೆಲ್ಲ ಕೇಳುವಂತೆ ಕೂಗಾಡುತ್ತಿದ್ದರು. "ಓಲಗ ಇಲ್ಲ, ಒಂದ್ ನರಪಿಳ್ಳೆ ಇಲ್ಲ. ನಾವ್ ಬಂದಿದ್ದು ಗೊತ್ತಾಗ್ಲಿ ಅಂತ ಹೊಡೆದ್ರೆ, ಇದ್ದ ದೀಪಾನೂ ಆರಿಸ್ತಾರೆ. ಇದಕ್ಕಿಂತ ಅವಮಾನ ಬೇಕಾ? ಹತ್ರೋ ಗಾಡಿ."

ನಾದಿನಿ ಮೊಣಕಾಲು ನೀರಿಗಿಳಿದು ಬ್ಯಾಟರಿ ಎತ್ತಿದಳು. "ಆನೆ ಬಂತು ಅಂದ್ಕೊಂಡ್ವಿ ಕಣ್ರೀ. ಇಲ್ಲಿ ಆನೆ ಬಂದ್ರೆ ಮಾತ್ರ ಹೊಡೆಯೋದು" ಅಂದಳು.

ಆಚೆ ದಡದಲ್ಲಿದ್ದ ಗಂಡು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿಯಿತು. "ಇನ್ನೂ ನಾಕು ಉಳ್ದವೆ. ಏನ್ ಮಾಡ್ಲಿ?" ಅಂತ ಅವಳನ್ನೇ ಕೇಳಿತು. ಜೀಪಿನೊಳಗೆ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬೊಬ್ಬರಾಗಿ ಇಳಿದು ಹೊಳೆ ದಾಟಿದರು. ದೊಡ್ಡಪ್ಪ ಮಾತ್ರ ಧಾರೆ ಮುಗಿಯುವ ತನಕ ಮುಖ ಗಂಟಿಕ್ಕಿಕೊಂಡಿದ್ದರು.

ಮುಂದಿನ ಗೌರಿ ಹಬ್ಬಕ್ಕೆ ಅವಳು ತವರಿಗೆ ಬಂದಾಗ ಇಬ್ಬರೂ ಹಿತ್ತಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದೆವು. "ಅಲ್ಲ ಮಾರಾಯ್ತಿ, ದಿಬ್ಬಣವೇ ಅಂತ ನಿಂಗೆ ಗ್ಯಾರಂಟಿ ಇತ್ತಾ?" ಅಂತ ಕೇಳಿದೆ.

"ಎಲ್ಲಿ ಗ್ಯಾರಂಟಿ? ಆನೇನೇ ಇರ್ಬೇಕು ಅಂತ್ಲೂ ಅನ್ಸಿತ್ತು" ಅಂದಳು, ಕಾಯಿಯಿಂದ ಕಣ್ಣೆತ್ತದೆ. "ಆದ್ರೆ ಅವ್ರೂ ಹೊಳೆಯಿಂದ್ಲೇ ವಾಪಸ್ ಹೋಗ್ಬುಟ್ಟಿದ್ರೆ, ಆಮೇಲೆ ನನ್ನ ಆನೆ ತುಳಿದ್ರೆಷ್ಟು, ಬಿಟ್ರೆಷ್ಟು ಅತ್ಗೆ."