ಖಾಲಿ ಕಳಿಸಬಾರದ ಪುಸ್ತಕ

"ಫೋನಿನ್ಯಾಗ ಓದಿ ಪಾಸಾಕ್ಕಾಳಂತ! ಆಗದ ಮಾತು. ನಾಳಿಂದ ಹೊಲಕ್ಕ ಕಳಿಸೋ ಅಣ್ಣಾ" ಎಂದವನು ನನ್ನ ಭೀಮಪ್ಪ ಕಾಕಾ.

ರೋಗದ ಭಯಕ್ಕೆ ಸಾಲಿಗಳಿಗೆಲ್ಲ ಬೀಗ ಬಿದ್ದಿದ್ದ ದಿನಗಳವು. ನಮ್ಮೂರು ದಡ್ಡಿಯ ಓಣಿಯಲ್ಲಿ ಸಣ್ಣ ಹುಡುಗಿಯರು ಹಗಲೆಲ್ಲ ಕುಂಟಾಬಿಲ್ಲೆ ಆಡುತ್ತಿದ್ದರು. ನಾನು ಹತ್ತನೆಯ ತರಗತಿ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಬಂದವರೇ ಇರಲಿಲ್ಲ. ಒಮ್ಮೆ ಕುಡಗೋಲು ಹಿಡಿದರೆ ಮತ್ತೆ ಪುಸ್ತಕ ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಜೊತೆಗಾತಿಯರು ಆಗಲೇ ಕುಡಗೋಲು ಹಿಡಿದಿದ್ದರು.

ಅವನಿಗೆ ಉತ್ತರ ಕೊಟ್ಟವಳು ಆಯಿ, ಅಪ್ಪನ ತಾಯಿ. "ಭೀಮ್ಯಾ, ನೀ ಮಾಸ್ತರ ಬಡಿಗಿ ನೋಡಿ ಸಾಲಿ ಬಿಟ್ಟು ಓಡಿ ಬಂದಾಂವ. ನೀ ಏನ್ ಹೇಳ್ತಿ? ಪರೀಕ್ಷಾ ಆಗೂತನಾ ಹೊಲದಾಗ ಆಕಿ ಪಾಲಿನ ಕಸಾ ನಾ ತಗೀತೇನಿ."

ಹುಕ್ಕೇರಿಯ ಗ್ರಂಥಾಲಯವೂ ಮುಚ್ಚಿತ್ತು. ಒಳಗಿದ್ದ ಗ್ರಂಥಪಾಲಕ ಸರ್ ಕಿಟಕಿಯಿಂದಲೇ ಅಪ್ಪನ ಫೋನು ಇಸಿದುಕೊಂಡು ಗ್ರಂಥಾಲಯದ ಆ್ಯಪ್ ಹಾಕಿಕೊಟ್ಟರು. "ಎಲ್ಲಾ ಪುಕ್ಕಟೆ, ತಂಗಿ. ಓದೂವೂ ಅದಾವು, ಕೇಳೂವೂ ಅದಾವು. ವಾಯ್ದೆ ಮುಗದ್ರ ತಾವ ವಾಪಸ್ ಹೋಗ್ತಾವು."

ನೆಟ್‌ವರ್ಕ್ ಸಿಗುತ್ತಿದ್ದದ್ದು ಹೊಳೆ ದಂಡೆಯ ಬೇವಿನ ಗಿಡದ ಬುಡದಲ್ಲಿ ಮಾತ್ರ. ಅಪ್ಪ ಹೊಲದಿಂದ ಬಂದೊಡನೆ ಫೋನು ಕಸಿದುಕೊಂಡು ಅಲ್ಲಿಗೆ ಓಡುತ್ತಿದ್ದೆ. ಪುಸ್ತಕ ಇಳಿಸಿಕೊಂಡು ಬಂದು ಮೊದಲು ಪಾಠ ಓದುವುದು. ಆಮೇಲೆ ಆಯಿ ಶೇಂಗಾ ಸುಲಿಯಲು ಕೂತಾಗ ಒಂದು ಕತೆ. ಸಪ್ಪಳ ದೊಡ್ಡದಾಗಲೆಂದು ಫೋನನ್ನು ಹಿತ್ತಾಳೆಯ ಡಬರಿಯೊಳಗೆ ನಿಲ್ಲಿಸುತ್ತಿದ್ದೆ. ಹುರಿದ ಶೇಂಗಾದ ವಾಸನೆ, ಡಬರಿಯೊಳಗಿಂದ ಗುಂಯ್‌ಗುಡುವ ಹೆಣ್ಣುದನಿ. ಹೊಳೆ ಉಕ್ಕಿ ಬಂದಾಗ ಕಳೆದುಹೋದ ಮಗನನ್ನು ಊರೂರು ಹುಡುಕುವ ತಾಯಿಯ ಕತೆ ಅದು.

"ತಡಿಯವಾ," ಎನ್ನುತ್ತಿದ್ದಳು ಆಯಿ, "ಒಂದ ಸಮನ ಓದಸ್ತಿ. ಪಾಪ, ಓದಾಕಿಗೆ ಒಂದ್ ಗುಟುಕ ನೀರರ ಕುಡಿಯಾಕ ಬಿಡು." ನಾನು ನಗುತ್ತಲೇ ಕತೆ ನಿಲ್ಲಿಸುತ್ತಿದ್ದೆ. ಅವಳೂ ನೀರು ಕುಡಿಯುತ್ತಿದ್ದಳು.

ಒಂದು ಸಂಜೆ ತೆರೆದರೆ ಪುಸ್ತಕವೇ ಇಲ್ಲ. ವಾಯಿದೆ ಮುಗಿದಿತ್ತು; ಬೇರೆಯವರ ಸರದಿ. ಕತೆಯ ಕೊನೆ ಇನ್ನೂ ಬಾಕಿ ಇತ್ತು. ನನಗೆ ಅಳು ಬಂತು. ಆಯಿಯ ಚಿಂತೆ ಬೇರೆ.

"ಮಂದಿ ಮನಿಗೆ ಹೋತೇನು? ಹೋಗ್ಲಿ, ಅವರೂ ಕೇಳ್ಲಿ. ಆದ್ರ ಖಾಲೀನ ಕಳಿಸಿದಿ?"

ನಮ್ಮಲ್ಲಿ ಎರವಲು ತಂದ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ತಳದಲ್ಲಿ ಒಂದು ಹರಳು ಬೆಲ್ಲವಾದರೂ ಇರಬೇಕು. ಇದು ಪಾತ್ರೆಯಲ್ಲ, ಫೋನು ಎಂದೆ.

"ಎರವಲು ಹೌದಲ್ಲ?" ಎಂದು ಅರಿವೆಯಲ್ಲಿ ಬೆಲ್ಲ ಕಟ್ಟಿದಳು.

ನಾಚಿಕೊಳ್ಳುತ್ತಲೇ ಗ್ರಂಥಾಲಯದ ಕಿಟಕಿಗೆ ಒಯ್ದೆ. ಸರ್ ನಗಲಿಲ್ಲ. ಒಂದು ಹರಳು ಬಾಯಿಗೆ ಹಾಕಿಕೊಂಡು, "ಪುಸ್ತಕ ಮುಟ್ಟಿತು ಅಂತ ಹೇಳವಾ ನಿಮ್ಮ ಆಯಿಗೆ" ಎಂದರು. ಹೇಳಿದೆ. "ಈಗ ಛಲೋ ಆತು. ಇನ್ನ ಅದು ತಿರುಗಿ ಬರತೈತಿ ನೋಡು" ಎಂದಳು.

ಬಂತು. ಆದರೆ ಅಷ್ಟರಲ್ಲಿ ಜ್ವರ ಹಿಡಿದು ಮಲಗಿದ ಆಯಿ ಮತ್ತೆ ಮೇಲೇಳಲೇ ಇಲ್ಲ. ಬೇವಿನ ಬುಡದಲ್ಲಿ ಒಬ್ಬಳೇ ಕೂತು ಕೊನೆ ಕೇಳಿದೆ. ತಾಯಿಗೆ ಮಗ ಸಿಕ್ಕಿದ. ಆಯಿಗೆ ಹೇಳಬೇಕೆಂದು ಓಡಿದೆ. ಓಣಿ ಮುಟ್ಟಿದ ಮೇಲೆ ನೆನಪಾಯಿತು.

ಹತ್ತನೆಯದು ಪಾಸಾಯಿತು. ಆಮೇಲೆ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಸಂಕೇಶ್ವರಕ್ಕೆ ಹೋಗಿ ಬಂದು ಪದವಿ ಮುಗಿಸಿದೆ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ಇದನ್ನು ಸಣ್ಣ ದನಿಯಲ್ಲಿ ಹೇಳುವವಳಲ್ಲ. ಈಗ ನನ್ನದೇ ಫೋನಿದೆ, ನೆಟ್‌ವರ್ಕ್ ಒಲೆಯ ಮುಂದೆಯೇ ಸಿಗುತ್ತದೆ, ಬೇಕಾದಷ್ಟು ಕತೆಗಳು ಎರವಲು ಬರುತ್ತವೆ. ಓದುವವಳಿಗೆ ನೀರು ಕುಡಿಯಲು ಬಿಡು ಎನ್ನುವವರು ಮಾತ್ರ ಇಲ್ಲ. ಕತೆ ನಿಲ್ಲದೆ ಸಾಗಿ ಮುಗಿದುಹೋಗುತ್ತದೆ.

ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಟ್ಟ ದಿನ ಅವ್ವ ಬಂದಿದ್ದಳು. ಅವಳ ಕೈಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು, ತಿರುಗಿಸಿ ನೋಡಿದಳು.

"ಇದನ್ನ ಯಾವಾಗ ವಾಪಸ್ ಕೊಡಬೇಕವಾ?"

"ಕೊಡೂದಿಲ್ಲವ್ವಾ. ಇದು ನಮ್ಮದ."

ಅವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ, ಖಾಲಿ ಮರಳಿಸಬಾರದೆಂದು ತಂದಿದ್ದ ಬೆಲ್ಲದ ಹರಳಿತ್ತು. ಅದನ್ನು ನನ್ನ ಬಾಯಿಗಿಟ್ಟು ಅಂದಳು: "ಹಂಗಾರ ಇದನ್ನ ನೋಡಾಕ ಆಯಿ ಇರಬೇಕಿತ್ತು."