ಅಸಲಿ ಸ್ಟೀಲಿನ ಸ್ಕ್ರೂ

ಮೂರು ವರ್ಷದ ಹಿಂದಿನ ಮಾತು. ಯಲಹಂಕದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. ರೇಡಿಯೋ ಟ್ರಾನ್ಸ್‌ಮಿಟರ್‌ಗೆ ಬೇಕಾದ ಆಂಪ್ಲಿಫೈಯರ್ ಮಾಡುವ ಜಾಗ ಅದು. ಬಾಗಲೂರಿನ ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಇರಲಿ, ಪಿಯುಸಿ ದಾಟಿದವಳೇ ನಾನೊಬ್ಬಳು. ಒಂದು ಪೇಪರ್ ಫೇಲಾಗಿ, ಮತ್ತೆ ಕಟ್ಟಿ ಪಾಸಾದವಳು. ಆ ಕೆಲಸ ಖಾಯಂ ಆಗಲೇಬೇಕಿತ್ತು.

ನಾನು ಮೊದಲ ಸಲ ಒಬ್ಬಳೇ ಜೋಡಿಸಿದ ಆಂಪ್ಲಿಫೈಯರ್ ಆನ್ ಮಾಡಿದರೆ ಪವರ್ ಪೂರ್ತಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಮೀಟರಿನ ಮುಳ್ಳು ಇಳಿಯತೊಡಗುತ್ತಿತ್ತು. ಮಾಲೀಕರಾದ ನಾಗರಾಜ್ ಸರ್ ನನ್ನ ತಾಮ್ರದ ಕಾಯಿಲ್ ನೋಡಿ, "ಇದೇನಮ್ಮ, ಜಡೆ ಹೆಣೆದಂಗೆ ಸುತ್ತಿದೀಯ? ಬೇರೆ ಸುತ್ತು" ಅಂದರು. ಸ್ಕ್ರೂ ಬಿಚ್ಚಿ ಅದನ್ನು ಹಾಗೇ ಗುಜರಿ ಡಬ್ಬಕ್ಕೆ ಎಸೆದರು. ಇನ್ನೊಂದು ಸುತ್ತಿದೆ. ಮುಳ್ಳು ಮತ್ತೆ ಇಳಿಯಿತು.

"ಶುಕ್ರವಾರ ಕಸ್ಟಮರ್ ಬರ್ತಾರೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ನಿನ್ನ ಕನ್ಫರ್ಮೇಷನ್ ಕಷ್ಟಾನಮ್ಮ."

ಊಟಕ್ಕೆ ಹೋಗಲಿಲ್ಲ. ಪವರ್ ಆಫ್ ಮಾಡಿ, ಒಳಗೆ ಉಳಿದ ಚಾರ್ಜನ್ನು ಅರ್ಥ್‌ಗೆ ಇಳಿಸಿ, ಒಂದೊಂದೇ ಭಾಗ ಮುಟ್ಟಿ ನೋಡಿದೆ. ಕಾಯಿಲ್ ಬರೀ ಬೆಚ್ಚಗಿತ್ತು. ಅದನ್ನು ಕೆಪಾಸಿಟರ್‌ಗೆ ಸೇರಿಸುವ ಸ್ಕ್ರೂ, ಅದರಡಿಯ ಗಿಡ್ಡ ಸ್ಪೇಸರ್ ಮಾತ್ರ ಬೆರಳಿಡಲಾಗದಷ್ಟು ಸುಡುತ್ತಿದ್ದವು. ಎರಡೂ ಸ್ಟೇನ್‌ಲೆಸ್ ಸ್ಟೀಲ್. ಹಿತ್ತಾಳೆ ಕಪ್ಪಾಗುತ್ತೆ ಅಂತ ಸರ್ ತಾವೇ ತರಿಸಿದ್ದ ಹೊಸ ಮಾಲು.

ಹೇಳಿದಾಗ ಸರ್ ಮ್ಯಾಗ್ನೆಟ್ ತಂದು ಸ್ಕ್ರೂಗೆ ಹಿಡಿದರು. "ಅಂಟುತ್ತಾ ನೋಡು. ಅಂಟಲ್ಲ. ಅಸಲಿ ಸ್ಟೀಲು ಕಣಮ್ಮ. ಪಾತ್ರೆ ಅಂಗಡೀಲಿ ನಮ್ಮಮ್ಮನೂ ಹಿಂಗೇ ನೋಡೋರು."

"ಅಸಲೀನೇ ಸರ್. ಪಾತ್ರೆಗಾದ್ರೆ ಸರಿ. ಇಲ್ಲಿ ಅದರ ಮೈಮೇಲೇ ಕರೆಂಟ್ ಹರೀಬೇಕಲ್ಲ. ಸ್ಟೀಲು ತಡೆಯುತ್ತೆ, ಬಿಸಿ ಆಗುತ್ತೆ, ಪವರ್ ಇಳಿಯುತ್ತೆ."

"ಎಲ್ಲಾ ಕಾಲೇಜ್ ಪಾಠ."

"ಹೌದು ಸರ್. ಆ ಪೇಪರ್ ಎರಡು ಸಲ ಬರೆದಿದೀನಿ."

ಸರ್ ನಕ್ಕುಬಿಟ್ಟರು. "ಹಾಗಾದ್ರೆ ಹಿತ್ತಾಳೇನೇ ಹಾಕು ನೋಡೋಣ."

ಹಳೇ ಸ್ಟಾಕಿನ ಹಿತ್ತಾಳೆ ಸ್ಕ್ರೂ, ಸ್ಪೇಸರ್ ಹುಡುಕಿ ತಂದೆ. ಅಷ್ಟರಲ್ಲಿ ಸರ್ ಗುಜರಿ ಡಬ್ಬಕ್ಕೆ ಕೈ ಹಾಕಿ ನನ್ನ ಮೊದಲ ಕಾಯಿಲ್ ತೆಗೆದು, ಪ್ಯಾಂಟಿಗೆ ಒರೆಸಿ, "ಇದನ್ನೇ ಹಾಕು" ಅಂದರು.

ಆನ್ ಮಾಡಿದೆವು. ಟೀ ಬಂತು. ಮುಳ್ಳು ನೋಡುತ್ತಾ ನಿಂತ ಸರ್ ಅವರ ಲೋಟದಲ್ಲಿ ಕೆನೆ ಕಟ್ಟಿತು. ಮುಳ್ಳು ಅಲ್ಲಾಡಲಿಲ್ಲ.

ಸಾರಿ ಅಂತ ಅವರು ಹೇಳಲಿಲ್ಲ, ನಾನೂ ಕಾಯಲಿಲ್ಲ. ಶುಕ್ರವಾರ ಆಂಪ್ಲಿಫೈಯರ್ ಆ ಕಾಯಿಲ್ ಸಮೇತ ಹೋಯಿತು. ನನ್ನ ಕೆಲಸ ಖಾಯಂ ಆಯಿತು. ಉಳಿದ ಸ್ಟೀಲ್ ಸ್ಕ್ರೂಗಳು ಹೊರಗಿನ ಮುಚ್ಚಳಕ್ಕೆ ಬಂದವು, ಅಲ್ಲಿ ಅವು ಚೆನ್ನಾಗೇ ಇವೆ.

ಫೇಲಾದ ವಿಷಯವನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳುತ್ತಿರಲಿಲ್ಲ. ಈಗ ಯಾರಾದರೂ ಕೇಳಿದರೆ, ಹೌದು, ಫೇಲಾಗಿದ್ದೆ, ಎರಡು ಸಲ ಓದಿದೆ ಅಂತಲೇ ಹೇಳುತ್ತೇನೆ.