ಮೋಟರ್ ಇಲ್ಲದ ಕಿಟಕಿ

ಯಾರಾದರೂ ದೆವ್ವ, ಪವಾಡ ಎಂದು ಕತೆ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಚಹಾ ಕುಡಿಯಲು ಹೋಗುತ್ತಿದ್ದವನು. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ರಿಪೇರಿ ನನ್ನ ಕೆಲಸ. ಯಂತ್ರ ನಿಂತರೆ ಮೊದಲು ಫ್ಯೂಸ್, ಆಮೇಲೆ ಸ್ವಿಚ್, ಆಮೇಲೆ ತಂತಿ, ಕೊನೆಗೆ ಮೋಟರ್. ಇಷ್ಟರಲ್ಲಿ ಎಲ್ಲಾದರೂ ಕಾರಣ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಲ್ಲೇ ಇಷ್ಟು ವರ್ಷ ಅನ್ನ ತಿಂದಿದ್ದೇನೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ನಮ್ಮ ಹಳೆಯ ಕಾರಿನ ಹಿಂದಿನ ಎಡಬಾಗಿಲಿನ ಪವರ್ ವಿಂಡೋ ಕೆಟ್ಟಿತು. ಗಾಜು ಅರ್ಧಕ್ಕೆ ನಿಂತು ಮೇಲೂ ಹೋಗದು, ಕೆಳಗೂ ಬಾರದು. ರಜೆಯ ದಿನ ಬೆಳಿಗ್ಗೆ ಲಿಂಗಂಪಲ್ಲಿಯ ಮನೆಯ ಮುಂದೆ ಹಟ ಹಿಡಿದು ಕೂತೆ. ಫ್ಯೂಸ್ ಸರಿಯಿತ್ತು. ಬೇರೆ ಬಾಗಿಲಿನ ಸ್ವಿಚ್ ತಂದು ಹಾಕಿದರೂ ಗಾಜು ಅಲುಗಲಿಲ್ಲ. ಮೋಟರಿನ ತನಕ ಕರೆಂಟ್ ಬರುತ್ತಿತ್ತು, ಅಂದರೆ ಮೋಟರೇ ಸುಟ್ಟಿದೆ. ಅದನ್ನು ಬಿಚ್ಚಿ ಹೊರತೆಗೆದೆ. ಗಾಜನ್ನು ಕೈಯಿಂದ ಪೂರ್ತಿ ಮೇಲೆತ್ತಿ, ಜಾರದಂತೆ ಬಾಗಿಲಿನೊಳಗೆ ಅದರಡಿ ಒಂದು ಮರದ ತುಂಡನ್ನು ಬಡಿದು ಬಿಗಿಯಾಗಿ ನಿಲ್ಲಿಸಿದೆ. ಹಳೇ ಕಾರಿನ ಸಾಮಾನು ಬೇಕೆಂದರೆ ಅಂಗಡಿಯವರು ಮೊದಲು ಸ್ಯಾಂಪಲ್ ಕೇಳುತ್ತಾರೆ. ಮೋಟರನ್ನು ಬಟ್ಟೆ ಚೀಲಕ್ಕೆ ಹಾಕಿ, ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕೂರಿಸಿಕೊಂಡು ಸುಲ್ತಾನ್ ಬಜಾರಿನ ಕಡೆ ಹೊರಟೆ.

ಅಲ್ಲೊಂದು ಗಲ್ಲಿಯಲ್ಲಿ ಬಿಸಿಲಿಗೇ ಕಾರು ನಿಲ್ಲಿಸಬೇಕಾಯಿತು. ಎಸಿ ಹಾಕಿದ್ದರಿಂದ ಗಾಜುಗಳೆಲ್ಲ ಮೇಲಿದ್ದವು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಎಂಜಿನ್ ಆರಿಸಿ, ಕೀಲಿ ಅಲ್ಲೇ ಬಿಟ್ಟು, ಒಬ್ಬನೇ ಇಳಿದು ನಡೆದೆ. ಅವಸರದಲ್ಲಿ ಚೀಲವನ್ನೇ ಮರೆತಿದ್ದೆ. ಅದನ್ನು ಕೊಡಲು ಹೆಂಡತಿ ಇಳಿದು, ಮಗಳು ಎದ್ದು ರಸ್ತೆಗೆ ಬಂದಾಳೆಂದು ಬಾಗಿಲು ಮುಚ್ಚಿ, ನನ್ನ ಹಿಂದೆ ಹತ್ತು ಹೆಜ್ಜೆ ಓಡಿ ಬಂದಳು. ಆ ಸದ್ದಿಗೆ ಎಚ್ಚರವಾದ ಮಗಳು ಮುಂದಿನ ಸೀಟಿಗೆ ತೂರಿ, ಡ್ರೈವರ್ ಬಾಗಿಲಿನ ಲಾಕ್ ಒತ್ತಿಬಿಟ್ಟಳು. ನಾಲ್ಕೂ ಬಾಗಿಲು ಒಟ್ಟಿಗೆ ಲಾಕ್ ಆದವು.

ಹೊರಗಿನಿಂದ ನಾವು ಎಷ್ಟು ಕೈಸನ್ನೆ ಮಾಡಿದರೂ ಅವಳಿಗೆ ತಿಳಿಯಲಿಲ್ಲ. ಹೆದರಿ ಹಿಂದಿನ ಸೀಟಿಗೆ ಹೋಗಿ ಜೋರಾಗಿ ಅಳತೊಡಗಿದಳು. ನೋಡನೋಡುತ್ತ ಮುಖ ಕೆಂಪಾಯಿತು, ಕೂದಲು ಬೆವರಿಗೆ ಹಣೆಗೆ ಅಂಟಿತು. ಜನ ಸೇರಿ ಬಾಗಿಲು ಬಡಿದರು. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಕಲಬುರಗಿ ಕಡೆಯವನೊಬ್ಬ ನಮ್ಮ ಕನ್ನಡ ಕೇಳಿ ಇಟ್ಟಿಗೆ ಹಿಡಿದು ಓಡಿ ಬಂದ.

"ಸರೀರಿ ಸಾಹೇಬ್ರ, ಗಾಜ ಒಡಿತೀನಿ. ಕೂಸು ಸಾಯ್ತದರಿ!"

ನಾನು ಅವನ ಕೈ ಹಿಡಿದೆ. "ತಡೀಪಾ, ಚೂರು ಕೂಸಿನ ಮ್ಯಾಲ ಬೀಳ್ತಾವ. ನಾ ತೆಗೀತೀನಿ," ಅಂದೆ.

ಬೆಳಿಗ್ಗೆಯಷ್ಟೇ ಬಾಗಿಲು ಬಿಚ್ಚಿ ನೋಡಿದವನಲ್ಲವೇ, ಎಲ್ಲಿ ಏನಿದೆ ಎಂದು ನನಗೆ ಗೊತ್ತು ಎಂಬ ಜಂಬ. ಅಂಗಡಿಯೊಂದರಿಂದ ಸ್ಟೀಲ್ ಸ್ಕೇಲ್ ತಂದು ಡ್ರೈವರ್ ಬಾಗಿಲಿನ ಗಾಜಿನ ಸಂದಿಗೆ ತೂರಿಸಿ ಕೆದಕಿದೆ. ಲಾಕಿನ ಕೊಕ್ಕೆ ಸಿಗಲಿಲ್ಲ. ಎಷ್ಟು ನಿಮಿಷ ಹೋಯಿತೋ ತಿಳಿಯದು. ಒಳಗೆ ಅಳು ನಿಂತಿತು. ಮಗಳು ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಳು. ಗಾರೆ ಕೆಲಸದವನು ಮತ್ತೆ ಇಟ್ಟಿಗೆ ಎತ್ತಿದ. ನಾನು ಮತ್ತೆ ಅವನ ಕೈ ಹಿಡಿದೆ.

ಆಗಲೇ ಆ ಸದ್ದು ಕೇಳಿದ್ದು. ಪವರ್ ವಿಂಡೋ ಇಳಿಯುವಾಗ ಬರುವ ಗುಂಯ್ ಎನ್ನುವ ಸದ್ದು. ಹಿಂದಿನ ಎಡಬಾಗಿಲಿನ ಗಾಜು ನಿಧಾನವಾಗಿ, ಒಂದೇ ಸಮನೆ, ಯಾರೋ ಬೆರಳಿಟ್ಟು ಸ್ವಿಚ್ ಒತ್ತಿದಂತೆ ಕೆಳಗಿಳಿಯಿತು. ಹೆಂಡತಿ ಆ ಕಡೆ ಓಡಿ, ಕೈ ಹಾಕಿ ಮಗುವನ್ನು ಎಳೆದುಕೊಂಡಳು. ಮುಖಕ್ಕೆ ನೀರು ಚಿಮುಕಿಸಿದಾಗ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಮೋಟರ್ ನನ್ನ ಹೆಗಲ ಚೀಲದಲ್ಲೇ ಇತ್ತು.

"ಮಷೀನ್ ಚಾಲೂ ಆತು ನೋಡ್ರಿ," ಎಂದ ಇಟ್ಟಿಗೆ ಹಿಡಿದವನು. ಆ ಸದ್ದು ನನ್ನ ಭ್ರಮೆಯಲ್ಲ ಎನ್ನಲು ನನಗಿರುವುದು ಅದೊಂದೇ ಸಾಕ್ಷಿ.

ಸಂಜೆ ಬಾಗಿಲು ಬಿಚ್ಚಿದರೆ ಮರದ ತುಂಡು ತಳದಲ್ಲಿ ಬಿದ್ದಿತ್ತು. ಜನ ಬಾಗಿಲು ಬಡಿದದ್ದಕ್ಕೆ ಅದು ಬಿದ್ದು ಗಾಜು ಜಾರಿರಬೇಕು ಎಂದರು ಕಾರ್ಖಾನೆಯ ಗೆಳೆಯರು. ಸರಿ, ಒಪ್ಪೋಣ. ಆದರೆ ಜಾರುವ ಗಾಜು ದಪ್ಪೆಂದು ಬೀಳಬೇಕು. ಇದು ಬೀಳಲಿಲ್ಲ, ಇಳಿಯಿತು. ಆ ಸದ್ದು ಎಲ್ಲಿಂದ ಬಂತು? ಆ ಬೇಸಿಗೆಯೆಲ್ಲ ಎಷ್ಟೋ ಸಲ ಊಟದ ನಡುವೆ ಎದ್ದು ಹೋಗಿ ಆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೇನೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಈ ಕತೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಹೆಂಡತಿ ಮಾತ್ರ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಒಂದು ದಿನ ಹಿಮಾಯತ್‌ನಗರದ ಗೆಳೆಯನ ಮನೆಯಲ್ಲಿ ಯಾರೂ ನಂಬದೆ ನಕ್ಕಾಗ ಅವಳತ್ತ ತಿರುಗಿದೆ. "ನೀನರ ಹೇಳು, ಗಾಜು ತಾನಾಗೇ ಇಳೀತೋ ಇಲ್ಲೋ?"

"ಗಾಜ ಇಳಿಯೋದು ನಾ ನೋಡಲಿಲ್ಲರಿ," ಅಂದಳು ಅವಳು. "ಆ ಅಣ್ಣನ ಕೈ ಹಿಡ್ಕೊಂಡು ನಿಂತಿದ್ರಲ್ಲ, ನಾ ನಿಮ್ಮ ಕೈ ನೋಡಾಕತ್ತಿದ್ದೆ."

ಆಮೇಲೆ ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಗಾಜು ಹೇಗೆ ಇಳಿಯಿತೆಂದು ಈಗಲೂ ತಿಳಿದಿಲ್ಲ. ಅದು ಇಳಿಯದೇ ಇದ್ದಿದ್ದರೆ ಆ ಕೈಯನ್ನು ನಾನು ಯಾವಾಗ ಬಿಡುತ್ತಿದ್ದೆ ಎಂಬುದೂ ತಿಳಿದಿಲ್ಲ.